ಕೆಂಪು ಅಳೆಯುವ ಯಂತ್ರ

ಮೊನ್ನೆ ಬೆಳಗ್ಗೆ ಕಾಫಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಶೋಭಾಳ ಫೋನು ಬಂತು. ಶೋಭಾ ನನ್ನ ಗೆಳೆಯ ಮುನಿರಾಜನ ಮಗಳು. ಅವನೂ ನಾನೂ ಸೇರಿ ಹೊಸೂರಿನಲ್ಲಿ ನಡೆಸುತ್ತಿದ್ದ ಪ್ರೆಸ್ಸನ್ನು ಈಗ ಅವಳೇ ನೋಡಿಕೊಳ್ಳುತ್ತಾಳೆ. ಪ್ರೆಸ್ಸು ಎಂದರೆ ಅವಳಿಗೆ ನಗು. ಅದೀಗ ಕಂಪ್ಯೂಟರು, ಫ್ಲೆಕ್ಸು, ಡಿಜಿಟಲ್ ಪ್ರಿಂಟು ಎಲ್ಲ ಇರುವ, ಗಾಜಿನ ಬಾಗಿಲಿನ ಅಂಗಡಿ. ಪರದೆಯ ಮೇಲೆ ಕಾಣುವ ಬಣ್ಣ ಒಂದು, ಪ್ರಿಂಟರಿನಿಂದ ಹೊರಗೆ ಬರುವ ಬಣ್ಣ ಇನ್ನೊಂದು ಆಗಿ ಗಿರಾಕಿಗಳ ಹತ್ತಿರ ದಿನಾ ಮಾತು ಕೇಳಬೇಕಾಗಿದೆಯಂತೆ. ಎರಡನ್ನೂ ಹೊಂದಿಸುವ ಯಂತ್ರ ಬಂದಿದೆ, ಅಂಗೈಯಗಲ ಇರುತ್ತದೆ, ಮಾನಿಟರಿನ ಮೇಲೆ ಇಳಿಬಿಟ್ಟರೆ ತಾನೇ ಬಣ್ಣ ಓದಿಕೊಳ್ಳುತ್ತದೆ ಎಂದಳು. ಅದರಲ್ಲೂ ಎರಡು ಥರ. ಒಂದು ಪರದೆಯನ್ನು ಮಾತ್ರ ಓದುತ್ತದೆ. ಇನ್ನೊಂದು ಪರದೆ ಮತ್ತು ಕಾಗದ ಎರಡನ್ನೂ. ಯಾವುದನ್ನು ತಗೊಳ್ಳಲಿ ದೊಡ್ಡಪ್ಪ, ಎಂದು ಕೇಳಿದಳು.

ಬಣ್ಣದ ವಿಷಯದಲ್ಲಿ ನನ್ನ ಸಲಹೆ ಕೇಳುವವರು ಇನ್ನೂ ಉಳಿದಿದ್ದಾರಲ್ಲ ಎಂದು ನನಗೆ ಒಳಗೊಳಗೇ ಹಿಗ್ಗು. ಅಡಿಗೆಮನೆಯಲ್ಲಿ ನನ್ನ ಹೆಂಡತಿ ರತ್ನ ಕಿಸಕ್ಕನೆ ನಕ್ಕದ್ದು ಕೇಳಿಸಿದರೂ ಕೇಳಿಸದವನಂತೆ, ಕಾಗದ ಓದುವುದನ್ನೇ ತಗೋ ಎಂದೆ. ಯಾಕೆ ಎಂದು ಕೇಳುವಷ್ಟು ಪುರಸೊತ್ತು ಶೋಭಾಳಿಗೆ ಇರಲಿಲ್ಲ. ನಿಮಗೆ ಇದ್ದರೆ ಹೇಳುತ್ತೇನೆ. ನಾನು ನೆಟ್ಟಗೆ ವಿಷಯಕ್ಕೆ ಬರುವವನಲ್ಲ ಎನ್ನುವುದು ಮಾತ್ರ ಮೊದಲೇ ತಿಳಿದಿರಲಿ.

ನಮ್ಮದು ಮತ್ತಿಗಿರಿ ಕಡೆಯ ರಾಗಿ ಹೊಲದವರ ಮನೆ. ಅಣ್ಣ ಹೊಲ ನೋಡಿಕೊಂಡ. ನನ್ನ ಕೈಗೆ ಗುದ್ದಲಿ ಒಗ್ಗದೆ ಹೊಸೂರಿನ ಒಂದು ಪ್ರೆಸ್ಸಿನಲ್ಲಿ ಸೀಸದ ಅಕ್ಷರದ ಮೊಳೆ ಜೋಡಿಸಲು ಸೇರಿಕೊಂಡೆ. ಎಪ್ಪತ್ತರ ದಶಕದಲ್ಲಿ ಹೊಸೂರು ಎಂದರೆ ಬಸ್‌ಸ್ಟ್ಯಾಂಡು, ಬೆಟ್ಟ, ಸಂತೆ, ಅಷ್ಟೆ. ಆಗತಾನೇ ಫ್ಯಾಕ್ಟರಿಗಳು ಬರುತ್ತವಂತೆ ಎಂಬ ಸುದ್ದಿ ಶುರುವಾಗಿತ್ತು. ನಮಗೆ ಮನೆಯಲ್ಲಿ ಕನ್ನಡ, ಸ್ಕೂಲಿನಲ್ಲಿ ತಮಿಳು, ಸಂತೆಯಲ್ಲಿ ತೆಲುಗು. ಊರಲ್ಲಿ ಇದು ಯಾರಿಗೂ ದೊಡ್ಡ ವಿದ್ಯೆಯಲ್ಲ. ಆದರೆ ಮದುವೆ ಕಾಗದ ಅಚ್ಚು ಹಾಕುವವನಿಗೆ ಇದಕ್ಕಿಂತ ದೊಡ್ಡ ಬಂಡವಾಳ ಬೇರೆ ಇಲ್ಲ. ಹೆಣ್ಣಿನ ಕಡೆಯವರಿಗೆ ಕನ್ನಡದಲ್ಲಿ, ಗಂಡಿನ ಕಡೆಯವರಿಗೆ ತೆಲುಗಿನಲ್ಲಿ, ಗಂಡಿನ ಆಫೀಸಿನವರಿಗೆ ತಮಿಳಿನಲ್ಲಿ ಹೀಗೆ ಒಂದೇ ಮದುವೆಗೆ ಮೂರು ಸಲ ಮೊಳೆ ಜೋಡಿಸುತ್ತಿದ್ದೆ. ಒಮ್ಮೆ ತೆಲುಗಿನ ಕಾಗದದಲ್ಲಿ ಮುಹೂರ್ತ ಬೆಳಗ್ಗೆ ಎಂದೂ ಕನ್ನಡದ ಕಾಗದದಲ್ಲಿ ಸಂಜೆ ಎಂದೂ ಬಿದ್ದು, ಹೆಣ್ಣಿನ ಕಡೆಯ ದೂರದ ನೆಂಟರು ಊಟದ ಎಲೆ ಎತ್ತುವ ಹೊತ್ತಿಗೆ ಬಂದರು. ಆ ಮನೆಯವರು ಆಮೇಲೂ ನನ್ನ ಹತ್ತಿರವೇ ಮಗುವಿನ ನಾಮಕರಣದ ಕಾಗದ ಮಾಡಿಸಿದರು. ಜನ ಹಾಗಿದ್ದರು.

ಮುನಿರಾಜ ಆಲಸನತ್ತಂನವನು. ಸ್ಕೂಲಿನಿಂದಲೂ ಜೊತೆ. ಡ್ರಾಯಿಂಗ್ ಕ್ಲಾಸಿನಲ್ಲಿ ಒಂದು ಸಲ ಬಾವುಟದ ಚಿತ್ರ ಬರೆಯಿರಿ ಎಂದಿದ್ದರು. ನಾನು ಮೇಲಿನ ಪಟ್ಟಿಗೂ ಕೆಳಗಿನ ಪಟ್ಟಿಗೂ ಒಂದೇ ಕಡ್ಡಿಯಿಂದ ಬಣ್ಣ ತೀಡಿ, ನಡುವೆ ಚಕ್ರವನ್ನು ಮಾತ್ರ ಬಹಳ ಶ್ರದ್ಧೆಯಿಂದ ಬರೆದು ಕೊಟ್ಟೆ. ತಮಿಳು ಮೇಷ್ಟ್ರು ಅದನ್ನು ಬೆಳಕಿಗೆ ಹಿಡಿದು, “ಪಚ್ಚೆ ಎಂಗಡಾ?” ಎಂದು ಕೇಳಿದರು. ಹಸಿರು ಎಲ್ಲೋ ಎಂದರೆ ನಾನು ಕೆಳಗಿನ ಪಟ್ಟಿ ತೋರಿಸಿದೆ. ತಮಾಷೆ ಮಾಡುತ್ತಿದ್ದೇನೆಂದುಕೊಂಡು ಕಿವಿ ಹಿಂಡಿದರು. ಕಡ್ಡಿ ಮುನಿರಾಜನದು, ತಾನು ಬಣ್ಣದ ಕಡ್ಡಿ ಬದಲಾಯಿಸಿ ಕೊಟ್ಟುಬಿಟ್ಟೆ ಎಂದು ಅವನು ಎದ್ದು ನಿಂತು ಹೇಳಿದ. ಅವನು ಬದಲಾಯಿಸಿರಲಿಲ್ಲ. ಅವನ ಕಿವಿಯನ್ನೂ ಹಿಂಡಿದರು. ಗೆಳೆತನ ಅಲ್ಲಿಂದ ಗಟ್ಟಿಯಾಯಿತು.

ಮುಂದೆ ಅವನು ಮಿಷನ್ ಓಡಿಸುವುದನ್ನು ಕಲಿತ, ನಾನು ಮೊಳೆ ಜೋಡಿಸುವುದನ್ನು. ಇಬ್ಬರೂ ಸೇರಿ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಒಂದು ಹಳೆಯ ಟ್ರೆಡಲ್ ಮಿಷನ್ ಇಟ್ಟುಕೊಂಡು ನಮ್ಮದೇ ಪ್ರೆಸ್ಸು ಮಾಡಿದೆವು. ಕಾಲಲ್ಲಿ ತುಳಿದು ಓಡಿಸುವ ಮಿಷನ್ ಅದು. ಬಣ್ಣದ ಕಷ್ಟ ಅದರಲ್ಲಿ ಇರಲಿಲ್ಲ. ಕೆಂಪು ಬೇಕಾದರೆ ಕೆಂಪು ಎಂದು ಬರೆದ ಡಬ್ಬಿ, ಹಸಿರು ಬೇಕಾದರೆ ಹಸಿರು ಎಂದು ಬರೆದ ಡಬ್ಬಿ. ಓದಲು ಬಂದರೆ ಸಾಕು.

ಅಷ್ಟೇ ಅಲ್ಲ, ಬಣ್ಣದ ವಿಷಯದಲ್ಲಿ ನನಗೆ ಒಂದು ಹೆಸರೂ ಬಂದುಬಿಟ್ಟಿತು. ತೊರಪಲ್ಲಿ ಅಗ್ರಹಾರದ ಒಬ್ಬ ಯಜಮಾನರು ಮಗಳ ಮದುವೆ ಕಾಗದಕ್ಕೆ ಬಂದವರು, ಅಂಗಿಯ ಜೇಬಿನಿಂದ ಒಂದು ಅರಿಶಿನದ ಕೊಂಬು ತೆಗೆದು ಮುರಿದು ಮೇಜಿನ ಮೇಲಿಟ್ಟು, ಒಳಗಿನ ಈ ಬಣ್ಣವೇ ಬೇಕು, ಹೊರಗಿನದಲ್ಲ ಎಂದರು. ಮುನಿರಾಜ ತಲೆ ಕೆರೆದುಕೊಂಡ. ನಾನು ಹಳದಿಗೆ ಒಂದು ಚೂರು ಇದು, ಒಂದು ಚೂರು ಅದು ಎಂದು ಕಲ್ಲಿನ ಮೇಲೆ ಅರೆಯುತ್ತಾ, ಒಣಗಿಸಿ ನೋಡುತ್ತಾ, ಮಧ್ಯಾಹ್ನದೊಳಗೆ ಕೊಂಬಿನ ಪಕ್ಕ ಇಟ್ಟರೆ ಯಾವುದು ಕಾಗದ ಯಾವುದು ಅರಿಶಿನ ಎನ್ನಬೇಕು, ಹಾಗೆ ತಂದುಬಿಟ್ಟೆ. ಹಳದಿ, ನೀಲಿಗಳ ಎಳೆಎಳೆಯೂ ನನಗೆ ಚೆನ್ನಾಗಿ ಕಾಣುತ್ತದೆ. ಆ ಯಜಮಾನರು ಊರೆಲ್ಲ ಹೇಳಿಕೊಂಡು ಬಂದರು. ಬಣ್ಣ ಎಂದರೆ ಮತ್ತಿಗಿರಿ ಕಿಟ್ಟಪ್ಪನ ಕಣ್ಣು ಎಂದು ಮಾತಾಯಿತು. ನಾನೂ ನಂಬಿದೆ. ಹೊಗಳಿಕೆಯನ್ನು ನಂಬದೆ ಇರುವಷ್ಟು ಕಠಿಣ ಮನಸ್ಸು ನನಗೆ ಯಾವತ್ತೂ ಇರಲಿಲ್ಲ.

ಎಂಬತ್ತರ ದಶಕ ಬಂತು, ಫ್ಯಾಕ್ಟರಿಗಳು ಬಂದವು, ಊರು ನಾಲ್ಕೂ ಕಡೆ ಹರಡಿತು. ಫ್ಯಾಕ್ಟರಿಯವರಿಗೆ ರಟ್ಟಿನ ಪೆಟ್ಟಿಗೆಗೆ ಲೇಬಲ್ಲು, ನೋಟೀಸು, ಕ್ಯಾಲೆಂಡರು ಎಲ್ಲ ಬೇಕು; ನಮ್ಮ ಟ್ರೆಡಲ್ಲಿಗೆ ಏದುಸಿರು. ಧೈರ್ಯ ಮಾಡಿ ಬೇರೆಯವರು ಓಡಿಸಿ ಬಿಟ್ಟ ಒಂದು ಆಫ್‌ಸೆಟ್ ಮಿಷನ್ ತಂದೆವು. ಒಂದು ಸಲಕ್ಕೆ ಒಂದೇ ಬಣ್ಣ ಹೊಡೆಯುವ ಮಿಷನ್. ಬಣ್ಣದ ಚಿತ್ರ ಬೇಕಾದರೆ ಅದೇ ಹಾಳೆಯನ್ನು ಹಳದಿಗೆ ಒಂದು ಸಲ, ಕೆಂಪಿಗೆ ಒಂದು ಸಲ, ನೀಲಿಗೆ, ಕಪ್ಪಿಗೆ ಹೀಗೆ ನಾಲ್ಕು ಸಲ ಬಿಡಬೇಕು. ಒಂದರ ಮೇಲೊಂದು ಕೂತು ಚಿತ್ರವಾಗುತ್ತದೆ. ಯಾವ ಬಣ್ಣ ಒಂದಿಷ್ಟು ಹೆಚ್ಚಾದರೂ ಕಡಿಮೆಯಾದರೂ ಚಿತ್ರದ ಮುಖವೇ ಬದಲಾಗುತ್ತದೆ. ಮಿಷನ್ನಿನ ಹಿಂದೆ ನಿಂತು ಇಂಕಿನ ತಿರುಪುಗಳನ್ನು ತಿರುಗಿಸುವುದು ಮುನಿರಾಜನ ಕೆಲಸ. ಮುಂದೆ ನಿಂತು, ಹಾಳೆ ಹೊರಬರುತ್ತಿದ್ದ ಹಾಗೆ ಮಾದರಿಯ ಪಕ್ಕ ಹಿಡಿದು, ಸಾಕು ಬೇಕು ಹೇಳುವುದು ನನ್ನ ಕೆಲಸ. ಊರಿಗೆಲ್ಲ ಗೊತ್ತಿದ್ದ ಕಣ್ಣು ನನ್ನದೇ ತಾನೆ. ಮೊದಮೊದಲು ಬಂದದ್ದೆಲ್ಲ ನೀಲಿ ಆಕಾಶದ ಕ್ಯಾಲೆಂಡರು, ಹಳದಿ ಸೋಪಿನ ಲೇಬಲ್ಲು. ಸರಾಗವಾಗಿ ನಡೆಯಿತು. ಮುನಿರಾಜ ತಿರುಪು ತಿರುಗಿಸುವಾಗ ತಾನೂ ಒಂದು ಕಣ್ಣು ಹಾಕಿ ಸರಿಮಾಡಿಕೊಳ್ಳುತ್ತಿದ್ದನೆಂದು ಕಾಣುತ್ತದೆ. ಅವನಿಗೇ ಅದು ಗೊತ್ತಿರಲಿಕ್ಕಿಲ್ಲ.

ಆ ಹೊತ್ತಿಗೆ ಕೃಷ್ಣಗಿರಿಯ ಪೆರುಮಾಳ್ ಅವರು ಬಂದರು. ಬಿತ್ತನೆ ಬೀಜದ ವ್ಯಾಪಾರದವರು. ಎಲ್ಲರೂ ಅವರನ್ನು ಮೊದಲಾಳಿ, ಅಂದರೆ ಧಣಿ, ಎನ್ನುತ್ತಿದ್ದರು, ನಾವೂ ಹಾಗೇ ಕರೆದೆವು. ನಮ್ಮ ಕಡೆ ಟೊಮೇಟೊ ಬೆಳೆಯುವುದು ಹೆಚ್ಚಾಗುತ್ತಿದ್ದ ಕಾಲ. ಟೊಮೇಟೊ ಬೀಜದ ಪೊಟ್ಟಣ, ಅದರ ಮೇಲೆ ಗೊಂಚಲು ಟೊಮೇಟೊ, ಎಲೆ ಸಮೇತ. ಬೆಂಗಳೂರಿನಲ್ಲಿ ಫಿಲ್ಮ್ ಮಾಡಿಸಿ, ಮಾದರಿ ಹಾಳೆಯನ್ನೂ ಒಪ್ಪಿಸಿ ಕೊಟ್ಟರು. ಇದು ಸರಿಯಾಗಿ ಬಂದರೆ ಬದನೆ, ಮೆಣಸಿನಕಾಯಿ, ಬೆಂಡೆ ಎಲ್ಲವೂ ನಿಮಗೇ ಎಂದರು. ಅದು ಬಂದರೆ ವರ್ಷಪೂರ್ತಿ ಮಿಷನ್ನಿಗೆ ಕೆಲಸ. ಆ ಸಂತೋಷಕ್ಕೆ ನಾವಿಬ್ಬರೂ ಎದುರಿನ ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದದ್ದು ನೆನಪಿದೆ.

ಕೆಂಪು ಬಿಡಬೇಕಾದ ದಿನ ಮುನಿರಾಜ ತಂಗಿಯ ಮಗುವಿನ ತೊಟ್ಟಿಲ ಶಾಸ್ತ್ರಕ್ಕೆ ಡೆಂಕಣಿಕೋಟೆಗೆ ಹೋಗಿದ್ದ. ಮಿಷನ್ ಓಡಿಸಲು ಬೇರೆ ಪ್ರೆಸ್ಸಿನ ಒಬ್ಬರು ಬಂದಿದ್ದರು. ಹಾಳೆ ಹೊರಬರುತ್ತಿದ್ದಾಗ ಅವರು, ಕೆಂಪು ಸಾಕಾ ಅಣ್ಣ ಎಂದು ಒಂದು ಸಲ ಕೇಳಿದರು. ನಾನು ಮಾದರಿ ಪಕ್ಕ ಹಿಡಿದು ನೋಡಿದೆ. ಎರಡೂ ಒಂದೇ. ಸಾಕು ಎಂದೆ. ಅವರು ಇನ್ನೊಂದು ಸಲ ನನ್ನ ಮುಖ ನೋಡಿದರು, ಕಿಟ್ಟಪ್ಪನ ಕಣ್ಣಿನ ಸುದ್ದಿ ಅವರೂ ಕೇಳಿದ್ದರು, ಸುಮ್ಮನಾದರು. ಮಾರನೆಯ ದಿನ ನೀಲಿಯನ್ನೂ ನನ್ನ ಮಾತಿನ ಮೇಲೇ ಸ್ವಲ್ಪ ಧಾರಾಳವಾಗಿ ಬಿಟ್ಟರು. ಮುನಿರಾಜ ವಾಪಸು ಬರುವಷ್ಟರಲ್ಲಿ ಕಪ್ಪೂ ಆಗಿ, ಕತ್ತರಿಸಿ, ಕಟ್ಟು ಕಟ್ಟಿ ಕೃಷ್ಣಗಿರಿಗೆ ಬಸ್ಸಿನ ಮೇಲೆ ಹಾಕಿ ಕಳಿಸಿದ್ದಾಯಿತು.

ಎಲ್ಲ ಕಟ್ಟುಗಳೂ ಹಾಗೇ ವಾಪಸು ಬಂದವು. ಹಿಂದೆಯೇ ಪೆರುಮಾಳ್ ಬಂದರು. ಬೈಯಲಿಲ್ಲ. ಒಂದು ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟು, ಇದು ಏನು ಕಾಯಿ ಎಂದು ಕೇಳಿದರು. ನಾನು ಧೈರ್ಯವಾಗಿ ಟೊಮೇಟೊ ಎಂದೆ. ಅವರು ಮುನಿರಾಜನ ಕಡೆ ತಿರುಗಿದರು. ಅವನು ಪೊಟ್ಟಣವನ್ನು ನೋಡಿ, ನನ್ನನ್ನು ನೋಡಿ, ಮತ್ತೆ ಪೊಟ್ಟಣವನ್ನು ನೋಡಿದ. ಅವನ ಕಣ್ಣಿಗೆ ಅದು ಕೊಳೆತ ಹುಣಸೆಹಣ್ಣಿನ ಬಣ್ಣಕ್ಕೆ ಇತ್ತಂತೆ. ಎಲೆ ಯಾವುದು ಹಣ್ಣು ಯಾವುದು ತಿಳಿಯದಂತೆ ಎಲ್ಲ ಕಲಸಿಕೊಂಡಿತ್ತಂತೆ. ರೈತರು ಇದನ್ನು ನೋಡಿ ಬೀಜ ಕೊಳ್ಳುತ್ತಾರಾ ಎಂದು ಪೆರುಮಾಳ್ ಕೇಳಿದರು. ಮತ್ತೆ ಹೊಡೆದುಕೊಡುತ್ತೇವೆ, ಕಾಗದದ ಖರ್ಚು ನಮ್ಮದು ಎಂದು ಮುನಿರಾಜ ಕೈಮುಗಿದ. ಒಂದು ಸಲ ಮಾತ್ರ ಎಂದು ಹೇಳಿ ಅವರು ಹೋದರು.

ಅವರು ಹೋದ ಮೇಲೆ ಮುನಿರಾಜ ಕೇಳಿದ.

“ನಿನ್ ಕಣ್ಣು ಎಲ್ಲಿತ್ಲಾ?”

ಕಣ್ಣು ಹಾಳೆಯ ಮೇಲೇ ಇತ್ತು ಎಂದೆ. ಎರಡೂ ಒಂದೇ ಥರ ಇದ್ದವು, ಈಗಲೂ ಒಂದೇ ಥರ ಇವೆ ಎಂದೂ ಹೇಳಿದೆ. ಅವನಿಗೆ ಸಿಟ್ಟು ಬಂತು. ಹೆಸರು ಬಂದ ಮೇಲೆ ನನಗೆ ಉಡಾಫೆ ಬಂದಿದೆ ಎಂದ. ನಾನು ಟ್ಯೂಬ್‌ಲೈಟಿನ ಮೇಲೆ ಹಾಕಿದೆ, ಇಂಕಿನ ಮೇಲೆ ಹಾಕಿದೆ, ಬಂದಿದ್ದ ಮಿಷನ್ನಿನವರ ಮೇಲೂ ಒಂದಿಷ್ಟು ಹಾಕಿದೆ. ಆ ವಾರ ನಾವು ಅಗತ್ಯಕ್ಕೆ ತಕ್ಕಷ್ಟು ಮಾತ್ರ ಮಾತಾಡಿದೆವು. ಸ್ಕೂಲಿನಿಂದ ಹಾಗಾಗಿರಲಿಲ್ಲ. ಕೊನೆಗೆ ಅವನೇ, ಜಗಳ ಬೇಡ, ಕಣ್ಣಿನ ಮೇಲೆ ಯಾಕೆ ಬಿಡೋದು, ಬೆಂಗಳೂರಿನಲ್ಲಿ ಬಣ್ಣ ನೋಡುವುದಕ್ಕೆ ಯಂತ್ರ ಸಿಗುತ್ತವಂತೆ, ಹೋಗಿ ನೋಡೋಣ ಎಂದ.

ಹೀಗೆ ನಾವು ಬೆಂಗಳೂರಿನ ಒಂದು ಸಾಮಾನಿನ ಅಂಗಡಿಗೆ ಹೋದೆವು. ಪ್ರೆಸ್ಸಿಗೆ ಬೇಕಾದ ಎಲ್ಲವೂ ಅಲ್ಲಿತ್ತು. ಟೈ ಕಟ್ಟಿದ, ಬಹಳ ಮರ್ಯಾದೆಯ ಸೇಲ್ಸ್‌ಮನ್ ನಮಗೆ ಎರಡು ಯಂತ್ರ ತೋರಿಸಿದರು. ಒಂದು ದೀಪದ ಪೆಟ್ಟಿಗೆ. ಒಳಗೆಲ್ಲ ಬೂದುಬಣ್ಣ ಬಳಿದ, ಮುಂದೆ ತೆರೆದ ಗೂಡು. ಅದರೊಳಗೆ ಹಗಲಿನ ಬೆಳಕಿನಂತಹ ದೀಪ. ಮಾದರಿಯನ್ನೂ ಹಾಳೆಯನ್ನೂ ಒಳಗಿಟ್ಟು ನೋಡಿದರೆ ಬೆಳಕಿನ ಮೋಸ ಇರುವುದಿಲ್ಲ. ನಾನು ಮುನಿರಾಜನ ಕಡೆ ನೋಡಿದೆ, ನಾನು ಹೇಳಲಿಲ್ಲವೇ ಬೆಳಕಿನದೇ ತಪ್ಪು ಎನ್ನುವ ಹಾಗೆ. ಇನ್ನೊಂದು ಡೆನ್ಸಿಟೋಮೀಟರ್ ಎಂಬುದು. ಸಣ್ಣ ಇಸ್ತ್ರಿಪೆಟ್ಟಿಗೆಯ ಹಾಗಿತ್ತು. ಹಾಳೆಯ ಅಂಚಿನಲ್ಲಿ ಒಂದೊಂದು ಬಣ್ಣದ ಚೌಕ ಬಿಟ್ಟಿರುತ್ತಾರೆ. ಅದರ ಮೇಲೆ ಇದನ್ನು ಇಟ್ಟು ಒತ್ತಿದರೆ ಇಂಕು ಎಷ್ಟು ದಪ್ಪ ಕೂತಿದೆ ಎಂದು ನಂಬರು ತೋರಿಸುತ್ತದೆ. ಮಾದರಿಯ ನಂಬರಿಗೂ ನಮ್ಮ ಹಾಳೆಯ ನಂಬರಿಗೂ ತಾಳೆಯಾದರೆ ಬಣ್ಣ ಸರಿ. ಇದು ಬಹಳ ದುಬಾರಿ. ನಂಬರು ನೋಡಿ ಅಡಿಗೆಗೆ ಉಪ್ಪು ಹಾಕಿದ ಹಾಗೆ ಎಂದು ನಾನು ತಮಾಷೆ ಮಾಡಿದೆ. ಸೇಲ್ಸ್‌ಮನ್ ಮರ್ಯಾದೆಗೆ ನಕ್ಕರು.

ದೀಪದ ಪೆಟ್ಟಿಗೆ ಸಾಕು ಎಂದು ಇಬ್ಬರಿಗೂ ಅನ್ನಿಸಿತ್ತು. ಅದಕ್ಕೆ ಮೊದಲು ಒಂದು ಸಣ್ಣ ಪರೀಕ್ಷೆ, ಪೆಟ್ಟಿಗೆ ಕೊಳ್ಳುವವರಿಗೆಲ್ಲ ಮಾಡುತ್ತೇವೆ ಎಂದು ಅವರು ಒಂದು ಪುಸ್ತಕ ತೆಗೆದರು. ಪುಟದ ತುಂಬಾ ಬಣ್ಣಬಣ್ಣದ ಚುಕ್ಕಿಗಳು. ಚುಕ್ಕಿಗಳ ನಡುವೆ ಒಂದು ಅಂಕಿ ಇರುತ್ತದಂತೆ, ಓದಬೇಕು. ಅವರು ಪುಟ ತಿರುಗಿಸಿದ ಹಾಗೆ ಮುನಿರಾಜ ಬಸ್ಸಿನ ನಂಬರು ಓದುವವನಂತೆ ಪಟಪಟ ಓದಿದ. ನಾನು ಮುಂದೆ ಬಗ್ಗಿದೆ. ಮೊದಲ ಪುಟದ ಅಂಕಿ ಓದಿದೆ. ಎರಡನೆಯದರಲ್ಲಿ ಚುಕ್ಕಿ ಇತ್ತು, ಅಂಕಿ ಇರಲಿಲ್ಲ. ಇನ್ನೊಂದು ಪುಟ. ಅದರಲ್ಲೂ ಇರಲಿಲ್ಲ. ಕನ್ನಡಕ ಒರೆಸಿಕೊಂಡೆ. ಪುಸ್ತಕವನ್ನು ಕಿಟಕಿಯ ಹತ್ತಿರ ತೆಗೆದುಕೊಂಡು ಹೋದೆ. ಇದರಲ್ಲಿ ಅಂಕಿ ಹಾಕುವುದನ್ನು ಮರೆತಿದ್ದಾರೆ ಎಂದೆ.

ಸೇಲ್ಸ್‌ಮನ್ ಪುಸ್ತಕವನ್ನು ಮೆಲ್ಲನೆ ನನ್ನ ಕೈಯಿಂದ ತೆಗೆದುಕೊಂಡು, ಇದು ಬಹಳ ಜನಕ್ಕೆ ಇರುತ್ತದೆ ಸಾರ್, ಕೆಂಪು ಹಸಿರು ಬೇರೆ ಬೇರೆಯಾಗಿ ಕಾಣುವುದಿಲ್ಲ, ಹುಟ್ಟಿನಿಂದ ಬರುವುದು, ಔಷಧಿ ಇಲ್ಲ, ತೊಂದರೆಯೂ ಇಲ್ಲ ಎಂದರು. ಆಮೇಲೆ ಮುನಿರಾಜನ ಕಡೆ ತಿರುಗಿ, ಬಣ್ಣ ಈ ಸಾರ್ ನೋಡಿಕೊಂಡರೆ ನಿಮಗೆ ದೀಪದ ಪೆಟ್ಟಿಗೆಯೇ ಸಾಕು ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆ ಮಾತಿನಿಂದ ನನ್ನ ಕಾಲ ಕೆಳಗಿನ ನೆಲ ಅಷ್ಟು ಜರುಗಿತೆಂದು ಅವರಿಗೆ ಹೇಗೆ ಗೊತ್ತಾಗಬೇಕು? ಯೋಚಿಸಿ ಹೇಳುತ್ತೇವೆ ಎಂದು ಮುನಿರಾಜ ನನ್ನ ತೋಳು ಹಿಡಿದು ಹೊರಗೆ ಕರೆದುಕೊಂಡು ಬಂದ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಹೊರಗೆ ನೋಡಿದೆ. ಮರ, ಹೊಲ, ಹಂಚಿನ ಮನೆ, ಎಲ್ಲ ನಾನು ಯಾವತ್ತೂ ನೋಡುತ್ತಿದ್ದ ಹಾಗೇ ಇದ್ದವು. ಪಕ್ಕದಲ್ಲಿ ಕೂತವನಿಗೆ ಬೇರೆ ಯಾವುದೋ ಊರು ಕಾಣುತ್ತಿದೆ ಎಂದು ಮೊದಲ ಸಲ ಗೊತ್ತಾಗಿ ವಿಚಿತ್ರವೆನಿಸಿತು. ಅದಕ್ಕಿಂತ ಹೆಚ್ಚಾಗಿ, ಇನ್ನು ಪ್ರೆಸ್ಸಿನಲ್ಲಿ ನನಗೇನು ಕೆಲಸ ಎಂಬ ಯೋಚನೆ. ಮೊಳೆ ಜೋಡಿಸುವ ಕಾಲ ಮುಗಿಯುತ್ತಾ ಬಂದಿತ್ತು. ಬಣ್ಣ ನೋಡುವುದೂ ಹೋದರೆ ಬಾಗಿಲು ತೆಗೆಯುವುದು, ಮುಚ್ಚುವುದು, ಅಷ್ಟೇ. ಅತ್ತಿಬೆಲೆಯಲ್ಲಿ ಬಸ್ಸು ನಿಂತಾಗ ಮುನಿರಾಜ ಮೊದಲ ಸಲ ಬಾಯಿಬಿಟ್ಟ.

“ಕಿಟ್ಟ, ಮಿಸನ್ ನಿಲ್ಸೋ ಬಟನ್ ಯಾವ್ದು, ಓಡ್ಸೋ ಬಟನ್ ಯಾವ್ದು ಅಂತ ನಿಂಗೆ ಹೆಂಗ್ಲಾ ಗೊತ್ತಾಯ್ತದೆ?”

“ನಿಲ್ಸೋದು ಕೆಳಗಡೆ ಐತಲ್ಲ.”

“ಅಂಗಾ,” ಎಂದು ತಲೆಯಾಡಿಸಿದ.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ರತ್ನ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ರತ್ನ ನನ್ನ ಸೋದರಮಾವನ ಮಗಳು. ಚಿಕ್ಕಂದಿನಿಂದ ಭಾವ ಎಂದು ಕರೆದು ರೂಢಿ. ಮದುವೆಯಾದ ಮೇಲೂ ಅದೇ ಉಳಿಯಿತು. ಜನರೆದುರು ನೀವು, ಮನೆಯೊಳಗೆ ನೀನು. ನಾನೂ ಪಕ್ಕದಲ್ಲಿ ಕೂತು ಒಂದು ಹಿಡಿ ಕಾಯಿ ತೆಗೆದುಕೊಂಡು ಸುಲಿಯುತ್ತಾ, ಯಾರೋ ಸತ್ತ ಸುದ್ದಿ ಹೇಳುವವನಂತೆ ಅಂಗಡಿಯಲ್ಲಿ ಆದದ್ದೆಲ್ಲ ಹೇಳಿದೆ. ಅವಳು ಕೈ ನಿಲ್ಲಿಸಲಿಲ್ಲ.

“ಅದನ್ನ ಕಂಡಿಡಿಯಾಕೆ ಬೆಂಗ್ಳೂರ್ಗೆ ಹೋಗಿದ್ರಾ ಇಬ್ರೂವೆ?”

ನಿನಗೆ ಗೊತ್ತಿತ್ತಾ ಎಂದು ಕೇಳಿದೆ.

“ಗೊತ್ತಿಲ್ದೆ ಏನು ಭಾವ. ಚಿಕ್ಕೋರಿದ್ದಾಗ ನಾನು ನಿಮ್ ಮನೇಗ್ ಬಂದಿದ್ನಲ್ಲ ಒಂದ್ಸಲ, ಅತ್ತೆ ಹೊಲದಾಗವ್ರೆ ಬುತ್ತಿ ಕೊಟ್ಬಾ ಅಂತ ನಮ್ಮಿಬ್ರನ್ನೂ ಕಳ್ಸಿದ್ರು. ಅತ್ತೆ ಕೆಂಪ್ ಸೀರೆ ಉಟ್ಕಂಡು ರಾಗಿ ನಡುವೆ ನಿಂತು ಕೈ ಬೀಸ್ತಾವ್ರೆ. ನೀನು ಬದೂ ಮೇಲೆ ನಿಂತ್ಕಂಡು ಅವ್ವ ಎಲ್ಲಿ, ಅವ್ವ ಎಲ್ಲಿ ಅಂತ ಅಳ್ತಾ ಇದ್ದೆ. ನಾನ್ ಕೈ ಹಿಡ್ಕಂಡು ಕರ್ಕಂಡ್ ಹೋದೆ. ಅವತ್ತೇ ಗೊತ್ತಾಯ್ತು.”

ನನಗೆ ಆ ದಿನದ ನೆನಪೇ ಇರಲಿಲ್ಲ. ಹೊಲ ನೆನಪಿದೆ, ಬುತ್ತಿಯ ಬಟ್ಟೆಯ ಗಂಟು ನೆನಪಿದೆ. ಅವ್ವ ಎಷ್ಟೋ ಸಲ ಕಾಣದೆ, ಹತ್ತಿರ ಹೋದ ಮೇಲೆ ಫಕ್ಕನೆ ಎದುರಿಗೆ ಬಂದುಬಿಡುತ್ತಿದ್ದದ್ದು ನೆನಪಿದೆ. ಎಲ್ಲರ ಅವ್ವಂದಿರೂ ಹೊಲದಲ್ಲಿ ಹಾಗೇ ಇರುತ್ತಾರೆ ಎಂದುಕೊಂಡಿದ್ದೆ. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ನಿನ್ ಕಣ್ಣು, ನಿಂಗೇ ಗೊತ್ತಿರಲ್ವಾ ಅನ್ಕಂಡಿದ್ದೆ. ಸಂತೆಗೆ ಕಳ್ಸಿದ್ರೆ ಚೀಟೀಲಿ ಈರುಳ್ಳಿ ಆಲೂಗಡ್ಡೆ ಮಾತ್ರ ಬರೀತಿದ್ನಲ್ಲ, ಅದ್ಯಾಕೆ ಅಂತ ಒಂದ್ ದಿನಾನೂ ಕೇಳ್ಲಿಲ್ಲ ನೀನು.”

ಈರುಳ್ಳಿಯ ಚೌಕಾಶಿ ನನ್ನ ಹಾಗೆ ಯಾರಿಗೂ ಬರುವುದಿಲ್ಲ, ಅದಕ್ಕೇ ಕಳಿಸುತ್ತಾಳೆ ಎಂದು ನಾನು ತಿಳಿದಿದ್ದೆ. ಮನುಷ್ಯ ತನ್ನ ಬಗ್ಗೆ ಎಂತೆಂಥ ಒಳ್ಳೆಯ ಕಾರಣಗಳನ್ನು ಹುಡುಕಿಕೊಂಡಿರುತ್ತಾನೆ ನೋಡಿ. ರತ್ನ ಮೊರದಲ್ಲಿ ಕಾಳು ಸರಿಸುತ್ತಾ, ಮುನಿರಾಜಣ್ಣ ಏನಂದರು ಎಂದು ಕೇಳಿದಳು. ಏನೂ ಅನ್ನಲಿಲ್ಲ ಎಂದೆ. ಹಾಗಾದರೆ ಏನೋ ಯೋಚನೆ ಮಾಡುತ್ತಿರಬೇಕು ಎಂದಳು.

ನನಗೆ ಆ ಯೋಚನೆಯದೇ ಹೆದರಿಕೆ. ಮಾರನೆಯ ದಿನ ಪ್ರೆಸ್ಸಿಗೆ ಹೋಗಲಿಲ್ಲ. ಅಣ್ಣನ ಹೊಲದಲ್ಲಿ ಕಡಲೆಕಾಯಿ ಕೀಳುತ್ತಿದ್ದರು, ಆಳು ಸಾಲದು ಎಂದು ಮುನಿರಾಜನಿಗೆ ಹೇಳಿಕಳಿಸಿ ಅಲ್ಲಿಗೆ ಹೋದೆ. ಅದರ ಮರುದಿನವೂ ಅಲ್ಲಿಗೇ. ನನ್ನ ಕೈಯಲ್ಲಿ ಗಿಡಕ್ಕಿಂತ ಹೆಚ್ಚಾಗಿ ಮಣ್ಣೇ ಬರುತ್ತಿದ್ದದ್ದನ್ನು ಅಣ್ಣ ನೋಡಿಯೂ ನೋಡದವನಂತೆ ಇದ್ದ. ಮುನಿರಾಜ ಎದುರಿಗೆ ಕೂರಿಸಿಕೊಂಡು, ನೀನು ಬೇರೆ ಕೆಲಸ ನೋಡಿಕೋ ಎಂದು ಹೇಳಲಾರ, ಹೇಳಲಾರದೆ ಒದ್ದಾಡುತ್ತಾನೆ. ಆ ಒದ್ದಾಟ ಅವನಿಗೆ ಬೇಡ, ನಾನೇ ದೂರ ಸರಿಯುತ್ತೇನೆ ಎಂದು ನಿರ್ಧಾರ ಮಾಡಿದ್ದೆ. ಹೇಗೆ ಹೇಳಬೇಕು ಎಂದು ಕಡಲೆಗಿಡಗಳ ಮುಂದೆ ಅಭ್ಯಾಸವನ್ನೂ ಮಾಡಿದ್ದೆ.

ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ದೂರದಲ್ಲಿ ಸೈಕಲ್ಲು ಕಾಣಿಸಿತು. ಮುನಿರಾಜ. ಹಿಂದಿನ ಕ್ಯಾರಿಯರಿನ ಮೇಲೆ ಒಂದು ರಟ್ಟಿನ ಪೆಟ್ಟಿಗೆ, ಹಳೆಯ ಟ್ಯೂಬಿನಿಂದ ಬಿಗಿದು ಕಟ್ಟಿದ್ದ. ಬದುವಿನ ಮೇಲೆ ಸೈಕಲ್ ನಿಲ್ಲಿಸಿ, ಪೆಟ್ಟಿಗೆಯ ಮೇಲೆ ಒಂದು ಕೈ ಇಟ್ಟುಕೊಂಡೇ ನಿಂತ. ನೀರು ಕೊಟ್ಟೆ. ಕುಡಿದ. ನಾನು ಅಭ್ಯಾಸ ಮಾಡಿದ್ದೆಲ್ಲ ಮರೆತುಹೋಗಿ, ಯಾವುದು ತಂದೆ ಎಂದು ಕೇಳಿದೆ.

“ನಂಬರ್ ತೋರ್ಸೋದು.”

ಅದು ಅಷ್ಟು ದುಬಾರಿ, ನಿನ್ನ ಕಣ್ಣಿಗೆ ದೀಪದ ಪೆಟ್ಟಿಗೆ ಸಾಕಾಗಿತ್ತಲ್ಲ ಎಂದೆ.

“ನಂಗ್ ಸಾಕಾಗಿತ್ತು ಕಣ್ಲಾ,” ಎಂದ. “ನಾನು ಹಿಂದ್ಗಡೆ ತಿರ್ಪು ತಿರುಗಿಸ್ತಿದ್ರೆ ಮುಂದ್ಗಡೆ ನಿಂತ್ಕಂಡು ಹಾಳೆ ನೋಡೋರ್ ಯಾರು? ಇಬ್ರೂ ಸೇರ್ಕಂಡ್ ಸುರು ಮಾಡಿದ್ದು. ನಂಬರ್ ಓದ್ತಾ ಕೂರೋಕೆ ನಂಗ್ ಬೇಜಾರು, ಅದ್ ನಿನ್ ಕೆಲ್ಸ. ಕಡ್ಲೆಕಾಯ್ ಸಾಕು, ನಡಿ.”

ನಾನು ಕೈ ತೊಳೆದುಕೊಂಡು ಎದ್ದೆ. ಅಣ್ಣ, ನನ್ನನ್ನು ಕರೆದುಕೊಂಡು ಹೋಗುವುದಕ್ಕೆ ಮುನಿರಾಜನಿಗೆ ಮನಸಾರೆ ಉಪಕಾರ ಹೇಳಿ, ಒಂದು ಪಂಚೆ ತುಂಬ ಕಡಲೆಕಾಯಿ ಕಟ್ಟಿಕೊಟ್ಟ. ಯಂತ್ರಕ್ಕೆ ಅಲುಗಾಟ ಆಗಬಾರದೆಂದು ಇಬ್ಬರೂ ಸೈಕಲ್ ತಳ್ಳಿಕೊಂಡೇ ಹೊಸೂರಿನವರೆಗೆ ನಡೆದೆವು. ದಾರಿಯುದ್ದಕ್ಕೂ ಅವನು ಒಂದೊಂದನ್ನೇ ತೋರಿಸಿ, ಅದು ಹೇಗೆ ಕಾಣುತ್ತದೆ, ಇದು ಹೇಗೆ ಕಾಣುತ್ತದೆ ಎಂದು ಕೇಳುತ್ತಾ ಬಂದ. ದಾಸವಾಳ ಎಲೆಯ ನಡುವೆ ಕಾಣುತ್ತದೋ, ಅಂಚೆ ಡಬ್ಬಿ ಎಂಥ ಬಣ್ಣ, ಅವನ ಅಂಗಿ ಯಾವ ಬಣ್ಣ. ಹೇಳಿದ್ದಕ್ಕೆಲ್ಲ ಬಿದ್ದು ಬಿದ್ದು ನಕ್ಕ. ನಾನೂ ನಕ್ಕೆ. ಸ್ಕೂಲಿನ ಬಾವುಟದ ವಿಷಯ ನೆನಪಾಗಿ ರಸ್ತೆಯ ಮಧ್ಯೆ ಸೈಕಲ್ ನಿಲ್ಲಿಸಿ, ತಾನು ಸುಮ್ಮನೆ ಕಿವಿ ಹಿಂಡಿಸಿಕೊಂಡೆನಲ್ಲ ಎಂದು ನನ್ನನ್ನು ಬೈದ.

ಯಂತ್ರವನ್ನು ನಾವು ಡೆನ್ಸಿ ಎಂದು ಕರೆದೆವು. ರತ್ನ ಅದಕ್ಕೆ ಕುಂಕುಮ ಇಟ್ಟಳು. ಕುಂಕುಮ ಗಾಜಿನ ಮೇಲೆ ಬೀಳದಂತೆ ನಾನು ಅಡ್ಡ ಕೈ ಹಿಡಿದುಕೊಂಡಿದ್ದೆ. ಮಾದರಿ ಹಾಳೆಯ ಅಂಚಿನ ಚೌಕಗಳನ್ನು ಓದಿ ನಂಬರು ಬಾಯಿಪಾಠ ಮಾಡಿದೆ. ಹೊಸ ಕಾಗದ ತರಿಸಿ ಪೆರುಮಾಳರ ಟೊಮೇಟೊವನ್ನು ಮತ್ತೆ ಮಿಷನ್ನಿಗೆ ಹಾಕಿದೆವು. ಈ ಸಲ ಹಳದಿ, ನೀಲಿ, ಕಪ್ಪು ಮುಗಿಸಿ ಕೆಂಪನ್ನು ಕೊನೆಗೆ ಇಟ್ಟುಕೊಂಡಿದ್ದ ಮುನಿರಾಜ. ಕೆಂಪು ಬಿಡುವ ದಿನ ಬರುತ್ತೇನೆ ಎಂದು ಪೆರುಮಾಳ್ ಹೇಳಿಕಳಿಸಿದ್ದರು. ಬೆಳಗಿನ ಬಸ್ಸಿಗೇ ಬಂದರು. ಕುರ್ಚಿ ಹಾಕಿದರೂ ಕೂರಲಿಲ್ಲ. ಕೈಚೀಲದಿಂದ ಒಂದು ಹಣ್ಣಾದ ಟೊಮೇಟೊ ತೆಗೆದು ಕೈಯಲ್ಲಿ ಹಿಡಿದುಕೊಂಡು ಮಿಷನ್ನಿನ ಪಕ್ಕ ನಿಂತರು.

ಮೊದಲ ಹಾಳೆ ಬಂತು. ಚೌಕದ ಮೇಲೆ ಡೆನ್ಸಿ ಇಟ್ಟು ಒತ್ತಿದೆ. ನಂಬರು ಕಡಿಮೆ ಇತ್ತು. ಇನ್ನಷ್ಟು ಎಂದೆ. ಮುನಿರಾಜ ತಿರುಪು ತಿರುಗಿಸಿದ. ಇನ್ನೊಂದು ಹಾಳೆ. ಇನ್ನೂ ಸ್ವಲ್ಪ. ಎಡಗಡೆ ಸರಿ, ಬಲಗಡೆ ಕಡಿಮೆ. ಅವನು ಹಾಳೆಯ ಕಡೆ ತಲೆಯೆತ್ತಿಯೂ ನೋಡದೆ, ನಾನು ಹೇಳಿದಷ್ಟೇ ತಿರುಗಿಸುತ್ತಾ ಹೋದ. ಕೊನೆಗೆ ನಂಬರು ತಾಳೆಯಾಯಿತು. ಮಿಷನ್ ನಿಲ್ಲಿಸಿದೆವು. ನನ್ನ ಕಣ್ಣಿಗೆ ಮೊದಲ ಹಾಳೆಗೂ ಈ ಹಾಳೆಗೂ ಒಂದಿಷ್ಟು ಗಾಢವಾಗಿದೆ ಅನ್ನುವುದು ಬಿಟ್ಟರೆ ಹೆಚ್ಚು ವ್ಯತ್ಯಾಸವಿರಲಿಲ್ಲ.

ಪೆರುಮಾಳ್ ಹಾಳೆಯ ಮೇಲೆ ಟೊಮೇಟೊ ಇಟ್ಟು ಬಗ್ಗಿ ನೋಡಿದರು. ಬಾಗಿಲ ಹತ್ತಿರ ಬಿಸಿಲಿಗೆ ಒಯ್ದು ನೋಡಿದರು. ಅವರ ಮುಖದಿಂದ ಏನೂ ತಿಳಿಯಲಿಲ್ಲ. ವಾಪಸು ಬಂದು ನೇರವಾಗಿ ಮುನಿರಾಜನ ಹತ್ತಿರ ಹೋಗಿ, ಹೋದ ಸಲ ನನ್ನನ್ನು ಬಿಟ್ಟು ಅವನನ್ನು ಕೇಳಿದ ಹಾಗೇ, “ಎನ್ನಪ್ಪಾ, ಈ ಸಲ ಸರಿಯಾಗಿ ಐತಾ?” ಎಂದು ಕೇಳಿದರು.

ಮುನಿರಾಜ ಬಟ್ಟೆಯಲ್ಲಿ ಕೈಯ ಇಂಕು ಒರೆಸಿಕೊಳ್ಳುತ್ತಿದ್ದ. ಒರೆಸುವುದನ್ನು ನಿಲ್ಲಿಸದೆ ಹೇಳಿದ:

“ನನ್ನನ್ ಕೇಳ್ಬೇಡಿ ಮೊದಲಾಳಿ. ಇಲ್ಲಿ ಬಣ್ಣ ನೋಡೋದು ನಮ್ ಕಿಟ್ಟಪ್ಪ.”

ಪೆರುಮಾಳ್ ನನ್ನ ಕಡೆ ತಿರುಗಿ ಕಾದರು. ನಾನು ಇನ್ನೊಂದು ಸಲ ಚೌಕದ ಮೇಲೆ ಯಂತ್ರ ಇಟ್ಟು ನಂಬರು ಓದಿದೆ. ಸರಿಯಾಗಿದೆ ಮೊದಲಾಳಿ, ಎಂದೆ. ಅವರು ಹಾಳೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು, ಹಾಗಾದರೆ ಬಿಡಿ ಎಂದರು. ಮುನಿರಾಜ ಮೇಲಿನ ಬಟನ್ ಒತ್ತಿದ, ಮಿಷನ್ ಓಡತೊಡಗಿತು.